ತಪ್ಪಿದ ದಿನಗಳ ಲೆಕ್ಕ

ಫಾರೆಸ್ಟ್ ಎಂಬ ಒಂದು ಆ್ಯಪ್ ಇದೆ. 2014ರಲ್ಲಿ ತೈವಾನಿನ ಕಂಪನಿಯೊಂದು ಹೊರತಂದದ್ದು. ಕೆಲಸಕ್ಕೆ ಕೂರುವ ಮುನ್ನ ಫೋನಿನ ಪರದೆಯ ಮೇಲೆ ಒಂದು ಬೀಜ ನೆಟ್ಟು, ಇಪ್ಪತ್ತೈದು ನಿಮಿಷವೋ ಒಂದು ಗಂಟೆಯೋ ಗಡುವು ಹಾಕಿಕೊಳ್ಳಬೇಕು. ಅಷ್ಟು ಹೊತ್ತು ಫೋನ್ ಮುಟ್ಟದಿದ್ದರೆ ಬೀಜ ಮೊಳೆತು ಮರವಾಗುತ್ತದೆ. ಕೈ ತಡೆಯಲಾರದೆ ನಡುವೆ ಬೇರೇನಾದರೂ ತೆರೆದರೆ ಸಸಿ ಒಣಗುತ್ತದೆ. ಹಾಗೆ ಒಣಗಿದ್ದನ್ನು ಆ್ಯಪ್ ಕಿತ್ತು ಬಿಸಾಡುವುದಿಲ್ಲ. ಬೆಳೆದ ಮರಗಳ ಪಕ್ಕದಲ್ಲೇ ಬೋಳು ಕಡ್ಡಿಯಂತೆ ಅದನ್ನೂ ನಿಲ್ಲಿಸಿ, ದಿನದ ಲೆಕ್ಕಕ್ಕೆ ಸೇರಿಸುತ್ತದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡಿನಲ್ಲಿ ಒಣಮರಗಳಿಗೆ ಇಂಥ ಅಪಖ್ಯಾತಿ ಇಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಾಡಿನ ತಗ್ಗೆಲ್ಲ ನೀರಾದಾಗ ಮುಳುಗಿದ ಮರಗಳ ಬೋಳು ಕಾಂಡಗಳು ಹಿನ್ನೀರಿನಲ್ಲಿ ಇನ್ನೂ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಮೈ ಒಣಗಿಸಿಕೊಳ್ಳುತ್ತವೆ, ಮೀನುಗಿಡುಗ ಕೂತು ನೀರು ನೋಡುತ್ತದೆ. ಅಲ್ಲಿ ಕ್ಯಾಮೆರಾ ಹಿಡಿದು ಬರುವವರಲ್ಲಿ ಎಷ್ಟೋ ಮಂದಿ ಮೊದಲು ತೆಗೆಯುವ ಚಿತ್ರವೇ ಆ ಕಾಂಡಗಳದ್ದು.

ಕೈಬಿಟ್ಟ ಹೊತ್ತು ಎಂದರೇನು? ಅದು ಸಾಲವೇ, ತಪ್ಪೇ, ಅಥವಾ ಬರೀ ಕಳೆದುಹೋದ ಹೊತ್ತೇ? ಒಂದು ಕಾಲಕ್ಕೆ ಹುರುಪಿನಿಂದ ವಿಡಿಯೊ ಮಾಡುತ್ತಿದ್ದು, ನಡುವೆ ಎರಡು ಮೂರು ವರ್ಷ ಬಿಟ್ಟು, ಮತ್ತೆ ಕ್ಯಾಮೆರಾ ಕೈಗೆತ್ತಿಕೊಳ್ಳುವವರಿಗೆ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಯಾವ ಆ್ಯಪ್ ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆದುಹಾಕಬೇಕು ಎಂಬ ವಿಚಾರ ಆಮೇಲಿನದು. ಪ್ರಶ್ನೆಯಾದರೋ ಫೋನಿಗಿಂತ ಬಹಳ ಹಳೆಯದು. ಸಾಧನೆಯನ್ನು ಅರ್ಧಕ್ಕೆ ಬಿಟ್ಟವನ ಗತಿಯೇನು ಎಂದು ಅರ್ಜುನ ಕೇಳಿದ್ದಾನೆ. ಬೌದ್ಧ ಭಿಕ್ಷುಗಳು ಹದಿನೈದು ದಿನಕ್ಕೊಮ್ಮೆ ಅದನ್ನೇ ವಿಚಾರಿಸಿಕೊಳ್ಳುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಿ ಆಯುತ್ತಿದ್ದ ಒಬ್ಬ ಹೆಂಗಸು ಅದಕ್ಕೆ ಒಂದಲ್ಲ, ಎರಡು ಉತ್ತರ ಕೊಟ್ಟಿದ್ದಾಳೆ.

ವಿಡಿಯೊ ಬಿಟ್ಟವರಲ್ಲಿ ಒಂದು ದೊಡ್ಡ ಗುಂಪು ತಾನಾಗಿ ಬಿಟ್ಟದ್ದಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಅದರಲ್ಲೊಂದು. ಹೊಲ, ಹಟ್ಟಿ, ಬಸ್ ಸ್ಟ್ಯಾಂಡುಗಳಲ್ಲಿ ಹದಿನೈದು ಸೆಕೆಂಡಿನ ತುಣುಕು ಮಾಡಿ ಸಾವಿರಾರು ಮಂದಿಯ ಪರಿಚಯ ಗಳಿಸಿದ್ದವರ ಅಂಗಡಿ ರಾತ್ರೋರಾತ್ರಿ ಮುಚ್ಚಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಕೆಲವರು ಅಲ್ಲಿಗೆ ದಾಟಿದರು, ಬಹಳ ಜನ ದಾಟಲಿಲ್ಲ. ಉಳಿದವರು ಮದುವೆ, ಮಗು, ಸಾಲ, ಕೆಲಸ, ಬೇಜಾರು ಎಂದು ಒಬ್ಬೊಬ್ಬರಾಗಿ ಬಿಟ್ಟರು. ಬಿಡುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ, ಮರಳುವುದಕ್ಕೆ ಬೇಕು.

ಮರಳುವವರ ಮೊದಲ ಸಂಜೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೀರುವಿನಿಂದ ಹಾರ್ಡ್ ಡಿಸ್ಕ್ ಹೊರಬರುತ್ತದೆ. ಒಳಗೆ ಹೆಸರಿಲ್ಲದ ಸಾವಿರ ತುಣುಕುಗಳಿರುತ್ತವೆ, ಎಲ್ಲಕ್ಕೂ ಕ್ಯಾಮೆರಾ ಕೊಟ್ಟ ನಂಬರೇ ಹೆಸರು. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಫೋಲ್ಡರುಗಳು. ಹಳೆಯ ಪ್ರಾಜೆಕ್ಟು ಹೊಸ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆಯುವುದಿಲ್ಲ, ತೆರೆದರೂ ಅರ್ಧ ಫೈಲುಗಳು ಕಾಣೆಯಾಗಿವೆ ಎಂದು ಕೆಂಪು ಪಟ್ಟಿ ತೋರಿಸುತ್ತದೆ. ಸೆಕೆಂಡಿಗೆ 25 ಫ್ರೇಮಿನಂತೆ ಒಂದು ನಿಮಿಷದ ವಿಡಿಯೊದಲ್ಲಿ 1,500 ಚಿತ್ರಗಳಿರುತ್ತವೆ. ಆನೆಯೊಂದು ಸೊಂಡಿಲೆತ್ತಿ ದಡಕ್ಕೆ ಬರುವ ಆರು ಸೆಕೆಂಡನ್ನು ಎಲ್ಲಿ ಕತ್ತರಿಸಬೇಕೆಂದು ಬೆರಳಿಗೆ ಗೊತ್ತಿದ್ದ ಕಾಲವಿತ್ತು. ಈಗ ಅದೇ ಬೆರಳು ಟೈಮ್‌ಲೈನಿನ ಮೇಲೆ ಹಿಂದೆ ಮುಂದೆ ಓಡಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಇದನ್ನೆಲ್ಲ ನೋಡಿದವರು ಎಡಿಟಿಂಗ್ ಮುಚ್ಚಿಟ್ಟು, ಪ್ಲೇ ಸ್ಟೋರಿನಲ್ಲಿ ‘ಪ್ರೊಡಕ್ಟಿವಿಟಿ’ ಎಂದು ಹುಡುಕತೊಡಗುತ್ತಾರೆ.

ಹುಡುಕುವುದು ತಪ್ಪೇನಲ್ಲ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಎಳೆಯುತ್ತದೆ ಎಂಬುದಕ್ಕೆ ಪುರಾವೆ ಇದೆ. 1928ರಲ್ಲಿ ಬರ್ಲಿನ್ನಿನಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಶಿಷ್ಯೆ ಮರಿಯಾ ಓವ್ಸ್ಯಾಂಕಿನಾ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು ನಡುವೆ ತಡೆದು ಬಿಟ್ಟರೆ, ಯಾರೂ ಹೇಳದಿದ್ದರೂ ಹೆಚ್ಚಿನವರು ತಾವಾಗಿ ಅದಕ್ಕೆ ಮರಳುತ್ತಿದ್ದರು. ಬಹುಮಾನದ ಆಸೆ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಹಾಗಾದರೆ ಮರಳುವುದು ಮನುಷ್ಯನ ಸಹಜ ಚಲನೆ. ಅದಕ್ಕೆ ಚಾಟಿ ಬೇಕಿಲ್ಲ, ದಾರಿಯಲ್ಲಿ ಬಿದ್ದಿರುವುದನ್ನು ಸರಿಸಿದರೆ ಸಾಕು.

ಆ್ಯಪ್‌ಗಳ ನಿಜವಾದ ಉಪಕಾರ ಇರುವುದು ಈ ಸರಿಸುವ ಕೆಲಸದಲ್ಲಿ. 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ತೋರಿಸಿದಂತೆ, ಮುಗಿಯದ ಕೆಲಸದ ಕಾಟ ತಪ್ಪಬೇಕಾದರೆ ಆ ಕೆಲಸ ಮುಗಿಯಲೇಬೇಕೆಂದಿಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುವುದು ಎಂದು ಒಂದು ಯೋಜನೆ ಬರೆದಿಟ್ಟರೂ ಮನಸ್ಸು ಹಗುರವಾಗುತ್ತದೆ. ಡೇವಿಡ್ ಅಲೆನ್ 2001ರ ತಮ್ಮ ಪುಸ್ತಕದಲ್ಲಿ ಹೇಳಿದ್ದೂ, ಟೊಡೊಯಿಸ್ಟ್, ಟ್ರೆಲೊ, ಗೂಗಲ್ ಕೀಪ್‌ಗಳು ಮಾಡುವುದೂ ಇದನ್ನೇ: ತಲೆಯಲ್ಲಿ ಸುತ್ತುತ್ತಿರುವುದನ್ನು ಹೊರಗೆ ಬರೆದಿಟ್ಟುಕೊಳ್ಳುವುದು. ವಿಡಿಯೊ ಮಾಡುವವನಿಗೆ ಇದು ತೀರ ಬೇಕಾದದ್ದು. ಯಾವ ಶಾಟ್ ಬಾಕಿ ಇದೆ, ಯಾರ ಒಪ್ಪಿಗೆ ಪಡೆಯಬೇಕು, ಯಾವ ಕಾರ್ಡಿನಲ್ಲಿ ಏನಿದೆ, ಸೂರ್ಯ ಯಾವ ದಿಕ್ಕಿನಲ್ಲಿ ಏಳುತ್ತಾನೆ ಎಂಬ ನೂರು ಚಿಲ್ಲರೆ ವಿಷಯಗಳನ್ನು ಪಟ್ಟಿಗೆ ಒಪ್ಪಿಸಿದ ಮೇಲಷ್ಟೇ ಕಣ್ಣು ಎದುರಿನ ಬೆಳಕಿನ ಮೇಲೆ ನಿಲ್ಲುತ್ತದೆ.

ಧರ್ಮಗಳಿಗೂ ಈ ಗುಟ್ಟು ಗೊತ್ತಿತ್ತು. ಯುರೋಪಿನಲ್ಲಿ ಆರನೆಯ ಶತಮಾನದಿಂದಲೇ ಸಂತ ಬೆನೆಡಿಕ್ಟನ ಕ್ರೈಸ್ತ ಮಠಗಳು ದಿನವನ್ನು ಪ್ರಾರ್ಥನೆ, ದುಡಿಮೆ, ಓದು ಎಂದು ಗಂಟೆಗಳಲ್ಲಿ ಹಂಚಿದ್ದವು. ದೂರ ಏಕೆ, 1961ರಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಯೂರಿದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, 1963ರಲ್ಲಿ ಪೆನೊರ್ ರಿಂಪೋಚೆ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠದಲ್ಲಿ, ಭಿಕ್ಷುಗಳ ದಿನ ಇಂದಿಗೂ ಗಂಟೆಯ ಸದ್ದಿನ ಮೇಲೆ ನಡೆಯುತ್ತದೆ. ಗಂಟೆ ಬಾರಿಸಿದರೆ ಏಳಬೇಕು, ಬಾರಿಸಿದರೆ ಕೂರಬೇಕು. ಈಗ ಏನು ಮಾಡಲಿ ಎಂದು ಮನಸ್ಸು ತನ್ನೊಡನೆ ಚೌಕಾಸಿ ಮಾಡುವ ಪ್ರಮೇಯವೇ ಇಲ್ಲ. ಇಂದು ಧ್ಯಾನವೇ ಆ್ಯಪ್ ಆಗಿದೆ. 2010ರಲ್ಲಿ ಹೆಡ್‌ಸ್ಪೇಸ್ ಶುರುಮಾಡಿದ ಆ್ಯಂಡಿ ಪುಡಿಕೋಂಬ್ ಅದಕ್ಕೂ ಮುಂಚೆ ಬೌದ್ಧ ಭಿಕ್ಷುವಾಗಿದ್ದವರು.

ಆದರೆ ಮಠದ ಗಂಟೆ ಒಂದು ಕೆಲಸ ಮಾಡುವುದಿಲ್ಲ. ಸತತ ಎಷ್ಟು ದಿನ ಎದ್ದೆ ಎಂದು ಎಣಿಸುವುದಿಲ್ಲ.

ಎಣಿಸುವ ಚಾಳಿ ಫೋನಿನ ಆ್ಯಪ್‌ಗಳದ್ದು. ಅದಕ್ಕೆ ‘ಸ್ಟ್ರೀಕ್’ ಎನ್ನುತ್ತಾರೆ. ಭಾಷೆ ಕಲಿಸುವ ಡ್ಯುವೊಲಿಂಗೊದಿಂದ ನಡಿಗೆ ಎಣಿಸುವ ಗಡಿಯಾರದವರೆಗೆ ಎಲ್ಲೆಲ್ಲೂ ಇದೇ ಸರಪಳಿ. ನೂರು ದಿನ ಮಾಡಿ ನೂರೊಂದನೆಯ ದಿನ ತಪ್ಪಿದರೆ ಸಂಖ್ಯೆ ಸೊನ್ನೆಗೆ ಬರುತ್ತದೆ. ಅಮೆರಿಕದ ಹಾಸ್ಯನಟ ಜೆರ್ರಿ ಸೈನ್‌ಫೆಲ್ಡ್ ದಿನವೂ ಬರೆದು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಾ ಹೋದ, ಸರಪಳಿ ಕಡಿಯಬಾರದು ಎಂಬುದೇ ಅವನ ಯಶಸ್ಸಿನ ಸೂತ್ರ ಎಂಬ ಕತೆ 2007ರಿಂದ ಜಗತ್ತನ್ನೆಲ್ಲ ಸುತ್ತಿತು. ಆ ಸೂತ್ರದ ಮೇಲೆ ಆ್ಯಪ್‌ಗಳೇ ಹುಟ್ಟಿಕೊಂಡವು. ತಾನು ಅಂಥದ್ದೇನೂ ಮಾಡಿದವನಲ್ಲ, ಆ ಕೀರ್ತಿ ತನಗೆ ಹೇಗೆ ಬಂತೋ ಎಂದು ಸೈನ್‌ಫೆಲ್ಡ್ ಆಮೇಲೆ ನಕ್ಕುಬಿಟ್ಟ.

ಸರಪಳಿ ಕಡಿಯಬಾರದ ಕೆಲಸಗಳು ಇಲ್ಲವೇ ಎಂದರೆ, ಇವೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಒಣಗಿಸುವ ಗೂಡಾದ ಬ್ಯಾರನ್ ಹತ್ತಿರ ಒಂದು ರಾತ್ರಿ ನಿಂತವರಿಗೆ ಗೊತ್ತು. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಒಳಗೆ ತೂಗುಹಾಕಿ ಒಲೆ ಹೊತ್ತಿಸಿದ ಮೇಲೆ ಐದಾರು ದಿನ ಮನೆಯಲ್ಲಿ ಯಾರೂ ಪೂರಾ ನಿದ್ದೆ ಮಾಡುವಂತಿಲ್ಲ. ಮೊದಲು ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ಎಲೆಗೆ ಹಳದಿ ಬರಿಸಬೇಕು. ಆಮೇಲೆ ಕಾವನ್ನು ಹಂತ ಹಂತವಾಗಿ ಏರಿಸಿ ಎಲೆ ಒಣಗಿಸಬೇಕು. ಕೊನೆಗೆ ನೂರ ಅರವತ್ತರವರೆಗೆ ಒಯ್ದು ದಂಟು ಒಣಗಿಸಬೇಕು. ನಡುರಾತ್ರಿ ಒಲೆ ಆರಿದರೆ ಬಣ್ಣ ಹೋಯಿತು, ಹರಾಜಿನಲ್ಲಿ ಬೆಲೆ ಹೋಯಿತು. ಅಲ್ಲಿ ಫೋನಿನ ಅಲಾರಾಂ ನಿಜಕ್ಕೂ ಉಪಕಾರಿ, ಎರಡು ಗಂಟೆ ತಪ್ಪಿದ್ದು ನಿಜಕ್ಕೂ ನಷ್ಟ.

ಸೃಷ್ಟಿಯ ಕೆಲಸಕ್ಕೆ ಈ ನ್ಯಾಯ ತಂದದ್ದೇ ಗೊಂದಲದ ಮೂಲ. ಬ್ಯಾರನ್ನಿನ ಒಳಗೆ ಸೊಪ್ಪಿನ ಗಡಿಯಾರ ಓಡುತ್ತಿರುತ್ತದೆ, ಅದು ರೈತನಿಗಾಗಿ ಕಾಯುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಕೂತ ತುಣುಕಿಗೆ ಅಂಥ ಗಡಿಯಾರ ಇಲ್ಲ. ಮೂರು ವರ್ಷದ ಹಿಂದೆ ಅಜ್ಜಿ ರಾಗಿ ಬೀಸುವುದನ್ನು ತೆಗೆದ ವಿಡಿಯೊ ಈಗ ಅಜ್ಜಿ ಇಲ್ಲದಿದ್ದಾಗ ಬೇರೆಯೇ ಚಿತ್ರವಾಗುತ್ತದೆ. ಅದನ್ನು ಹೇಗೆ ಕತ್ತರಿಸಬೇಕೆಂದು ತೆಗೆದ ದಿನಕ್ಕಿಂತ ಇಂದು ಚೆನ್ನಾಗಿ ತಿಳಿಯಲೂಬಹುದು. ಅಲ್ಲಿ ನಡುವಿನ ಕಾಲವೂ ಕೆಲಸದಲ್ಲಿ ಪಾಲುದಾರ.

ಸತತ ಸಾಧನೆಯೇ ಸಾಲದು ಎಂಬುದಕ್ಕೆ ಹುಣಸೂರು ತಾಲ್ಲೂಕಿನಲ್ಲೇ ಒಂದು ಕಲ್ಲಿನ ಸಾಕ್ಷಿ ಇದೆ. ಬಿಳಿಕೆರೆ ಬಳಿಯ ಗೊಮ್ಮಟಗಿರಿಯ ಬಂಡೆಯ ಮೇಲೆ ಬಾಹುಬಲಿ ನಿಂತಿದ್ದಾನೆ. ಶ್ರವಣಬೆಳಗೊಳದ ಮೂರ್ತಿಯ ಮುಂದೆ ಚಿಕ್ಕದು, ನೋಡುವವರೂ ಕಡಿಮೆ. ಕತೆ ಅದೇ. ಗೆದ್ದ ರಾಜ್ಯವನ್ನು ಅಣ್ಣ ಭರತನಿಗೇ ಬಿಟ್ಟುಕೊಟ್ಟು ಬಾಹುಬಲಿ ಒಂದು ವರ್ಷ ನಿಂತಲ್ಲೇ ನಿಂತ. ಕಾಲಿಗೆ ಬಳ್ಳಿ ಹಬ್ಬಿತು, ಪಕ್ಕದಲ್ಲಿ ಹುತ್ತ ಬೆಳೆಯಿತು. ಸತತ ಸಾಧನೆಯ ಲೆಕ್ಕ ಇಡುವವರಿದ್ದರೆ ಮೊದಲ ಬಹುಮಾನ ಅವನಿಗೇ. ಆದರೂ ಎಲ್ಲವನ್ನೂ ಅರಿಯುವ ಕೇವಲಜ್ಞಾನ ಬರಲಿಲ್ಲ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಒಂದು ಸಣ್ಣ ಎಳೆ ಒಳಗೆ ಉಳಿದಿತ್ತು ಎನ್ನುತ್ತದೆ ಕನ್ನಡ ನಾಡಿನ ದಿಗಂಬರ ಪರಂಪರೆ. ಭರತ ಬಂದು ಗೌರವಿಸಿದ ಮೇಲೆ ಆ ಎಳೆ ಕಡಿಯಿತು. 365 ದಿನಗಳ ನಿಲುವು ತಾನಾಗಿ ಕೊಡದಿದ್ದದ್ದು ಆ ಎಳೆ ಕಡಿದ ಗಳಿಗೆಯಲ್ಲಿ ದೊರೆಯಿತು.

ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನ ಆತಂಕ ಇದರ ಇನ್ನೊಂದು ಮಗ್ಗುಲು. ಅವನು ಕೇಳುವುದು ನಿಂತವನ ಬಗ್ಗೆ ಅಲ್ಲ, ಜಾರಿದವನ ಬಗ್ಗೆ. ಶ್ರದ್ಧೆ ಇದೆ, ಆದರೆ ಮನಸ್ಸು ದಾರಿ ಬಿಟ್ಟಿತು. ಅಂಥವನು ಇಲ್ಲಿಗೂ ಸಲ್ಲದೆ ಅಲ್ಲಿಗೂ ಸಲ್ಲದೆ ಚೆದುರಿದ ಮೋಡದಂತೆ ಕರಗಿಹೋಗುತ್ತಾನೆಯೇ? ಕೃಷ್ಣನ ಉತ್ತರದಲ್ಲಿ ಬೈಗುಳವಿಲ್ಲ. ಒಳ್ಳೆಯದಕ್ಕೆ ಕೈಹಾಕಿದವನಿಗೆ ಕೇಡಿಲ್ಲ, ಅವನು ಮತ್ತೆ ಹುಟ್ಟಿ ಹಿಂದಿನ ಜನ್ಮದಲ್ಲಿ ತಲುಪಿದ್ದ ಬುದ್ಧಿಯನ್ನೇ ಪಡೆದು ಅಲ್ಲಿಂದ ಮುಂದುವರಿಯುತ್ತಾನೆ ಎಂಬುದು ಅದರ ಸಾರ. ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ. ಸಾವು ಬಂದು ನಡುವೆ ಕಡಿದರೂ ಆಗುವುದಿಲ್ಲ. ಪುನರ್ಜನ್ಮವನ್ನು ನಂಬದವರೂ ಈ ಲೆಕ್ಕಪದ್ಧತಿಯನ್ನು ಗಮನಿಸಬಹುದು: ಮಾಡಿದ್ದು ಜಮೆಯಲ್ಲಿ ಉಳಿಯುತ್ತದೆ, ಮಾಡದ್ದು ಖರ್ಚಿಗೆ ಬೀಳುವುದಿಲ್ಲ. ಅದೇ ಅಧ್ಯಾಯದಲ್ಲಿ ಧ್ಯಾನದ ವಿಧಾನ ಹೇಳುವಾಗಲೂ ಮನಸ್ಸು ಅಲೆಯಬಾರದು ಎನ್ನುವ ಕಟ್ಟಪ್ಪಣೆ ಇಲ್ಲ. ಎಲ್ಲೆಲ್ಲಿ ಹೋಗುತ್ತದೋ ಅಲ್ಲಲ್ಲಿಂದ ಕರೆದುಕೊಂಡು ಬಾ ಎಂಬುದಷ್ಟೇ ಇರುವುದು. ಹಾಗೆ ಕರೆತರುವುದು ಅಭ್ಯಾಸದ ನಡುವಿನ ಅಡ್ಡಿಯಲ್ಲ, ಅಭ್ಯಾಸವೆಂದರೆ ಅದೇ.

ಬೇರೆ ಬೇರೆ ಧರ್ಮಗಳು ಈ ಮರಳುವಿಕೆಗೆ ಬಾಗಿಲು ಇಟ್ಟೇ ಮನೆ ಕಟ್ಟಿವೆ. ಬೈಲಕುಪ್ಪೆಯ, ಹುಣಸೂರು ತಾಲ್ಲೂಕು ಗುರುಪುರದ ಮಠಗಳಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಿಗೆ ಸೋಜೊಂಗ್ ನಡೆಯುತ್ತದೆ. ಭಿಕ್ಷುಗಳು ಸೇರಿ, ಹದಿನೈದು ದಿನದಲ್ಲಿ ನಡೆದ ಲೋಪಗಳನ್ನು ಒಪ್ಪಿಕೊಂಡು ವ್ರತವನ್ನು ಸರಿಪಡಿಸಿಕೊಳ್ಳುತ್ತಾರೆ. ಲೋಪ ಆಗುತ್ತದೆ ಎಂದು ಮೊದಲೇ ಗೊತ್ತಿದ್ದು ಮಾಡಿದ ವ್ಯವಸ್ಥೆ ಇದು. ಜೈನರ ಪ್ರತಿಕ್ರಮಣವೂ ಹಾಗೆಯೇ. ಮುಸಲ್ಮಾನರಲ್ಲಿ ತಪ್ಪಿದ ನಮಾಜನ್ನು ಆಮೇಲೆ ಕಜಾ ಮಾಡಿ ಸಲ್ಲಿಸುವ ಕ್ರಮವಿದೆ. ತಪ್ಪಿದ ಮಾತ್ರಕ್ಕೆ ಅವತ್ತಿನವರೆಗಿನ ಪ್ರಾರ್ಥನೆಯೆಲ್ಲ ರದ್ದು ಎಂದು ಇವರಲ್ಲಿ ಯಾರೂ ಹೇಳಿಲ್ಲ. ಅಂಥ ಕಠಿಣ ಶಾಸನ ಬರೆಯಲು ಆ್ಯಪ್ ಕಂಪನಿಗಳೇ ಬರಬೇಕಾಯಿತು.

ಕ್ಯಾಮೆರಾಕ್ಕೂ ಕಾಕನಕೋಟೆಗೂ ಇರುವ ಹಳೆಯ ನಂಟಿನಲ್ಲೂ ಕಾಯುವುದಕ್ಕೂ ವೇಳಾಪಟ್ಟಿಗೂ ನಡುವಿನ ಇದೇ ಜಗಳವಿದೆ. 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. 1922ರಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಮಾಡಿ ಸಾಕ್ಷ್ಯಚಿತ್ರಕ್ಕೆ ದಾರಿ ಹಾಕಿದವನು. ಕಿಪ್ಲಿಂಗನ ಆನೆಕತೆಯೊಂದನ್ನು ಸಿನಿಮಾ ಮಾಡಲು ಲಂಡನ್ ಫಿಲ್ಮ್ಸ್‌ನ ಅಲೆಕ್ಸಾಂಡರ್ ಕೋರ್ಡಾ ಅವನನ್ನು ಕಳಿಸಿದ್ದ. ನಾಯಕನಾಗಿ ಸಿಕ್ಕವನು ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಫ್ಲಾಹರ್ಟಿಯ ಪದ್ಧತಿ ಎಂದರೆ ಮೊದಲೇ ಏನನ್ನೂ ಗಟ್ಟಿ ಮಾಡಿಕೊಳ್ಳದೆ ಒಂದು ಜಾಗದಲ್ಲಿ ಬಹಳ ಕಾಲ ಇದ್ದು, ಕಂಡದ್ದನ್ನು ಚಿತ್ರೀಕರಿಸಿ, ಕತೆ ಅದರಿಂದಲೇ ಮೇಲೇಳಲಿ ಎಂದು ಕಾಯುವುದು. ಲಂಡನ್ನಿನವರಿಗೆ ಬೇಕಾದದ್ದು ಸ್ಕ್ರಿಪ್ಟು, ವೇಳಾಪಟ್ಟಿ. ತಿಂಗಳುಗಳು ಉರುಳಿದವು, ರೀಲುಗಳು ಹೋದವು, ಕತೆ ಹೋಗಲಿಲ್ಲ. ಕೊನೆಗೆ ಕೋರ್ಡಾ ತನ್ನ ತಮ್ಮ ಜೊಲ್ಟಾನನಿಗೆ ಅಧಿಕಾರ ಕೊಟ್ಟು ಉಳಿದ ಭಾಗವನ್ನು ಡೆನಂ ಸ್ಟುಡಿಯೊದಲ್ಲಿ ಮುಗಿಸಿದ. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಉತ್ಸವದಲ್ಲಿ ಇಬ್ಬರಿಗೂ ಸೇರಿ ನಿರ್ದೇಶನದ ಪ್ರಶಸ್ತಿ ತಂದಿತು. ಇಂದು ಆ ಚಿತ್ರ ನೋಡುವವರಿಗೆ ಎರಡೂ ಕೈಗಳು ಬೇರೆ ಬೇರೆಯಾಗಿ ಕಾಣುತ್ತವೆ. ಸ್ಟುಡಿಯೊ ದೃಶ್ಯಗಳಲ್ಲಿ ಕತೆ ಓಡುತ್ತದೆ, ಮೈಸೂರಿನ ದೃಶ್ಯಗಳಲ್ಲಿ ಆನೆ ನಡೆಯುತ್ತದೆ. ಕಾದದ್ದರಿಂದ ಮಾತ್ರ ಸಿಕ್ಕದ್ದು ಯಾವುದು, ವೇಳಾಪಟ್ಟಿ ಇಲ್ಲದೆ ಮುಗಿಯಲಾರದಿದ್ದದ್ದು ಯಾವುದು ಎಂಬುದನ್ನು ಒಂದೇ ಚಿತ್ರ ತೋರಿಸುತ್ತದೆ.

ಕಾಯುವ ವಿದ್ಯೆ ಇಲ್ಲಿ ಇನ್ನೂ ಸತ್ತಿಲ್ಲ. ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿ ಜೋಡಿಯನ್ನು 1997ರಲ್ಲಿ ಕಾಡುಗಳ್ಳ ವೀರಪ್ಪನ್ ಅಪಹರಿಸಿ ಹದಿನಾಲ್ಕು ದಿನ ಇಟ್ಟುಕೊಂಡಿದ್ದ. ಹೊರಬಂದವರು ಕಾಡು ಬಿಡಲಿಲ್ಲ. ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಮಾಡಿದ ಅವರ ‘ದಿ ಪ್ಯಾಕ್’ 2010ರಲ್ಲಿ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ಪಡೆಯಿತು. 2020ರ ಜುಲೈನಲ್ಲಿ ಕಬಿನಿಯ ಕರಿಚಿರತೆ ಮತ್ತು ಅದರ ಜೊತೆಗಾತಿ ಚಿರತೆ ಒಂದರ ಹಿಂದೆ ಒಂದು ನಿಂತು ನೆರಳಿನಂತೆ ಕಾಣುವ ಚಿತ್ರ ಜಗತ್ತಿನಾದ್ಯಂತ ಹರಿದಾಡಿತು. ಅದನ್ನು ತೆಗೆದ ಛಾಯಾಗ್ರಾಹಕ ಎಚ್. ಮಿಥುನ್ ಆ ಒಂದು ಚೌಕಟ್ಟಿಗಾಗಿ ಅದೇ ಜಾಗದಲ್ಲಿ ಆರು ದಿನ ಕಾದಿದ್ದಾಗಿ ಹೇಳಿಕೊಂಡಿದ್ದರು. ಯಾವ ಆ್ಯಪ್‌ಗಾದರೂ ಆ ದಿನಗಳ ಲೆಕ್ಕ ಒಪ್ಪಿಸಿದ್ದರೆ ‘ಏನೂ ಆಗಿಲ್ಲ’ ಎಂಬ ಸಾಲೇ ದಿನದಿನವೂ ಬರುತ್ತಿತ್ತು.

ಇಷ್ಟು ಹೇಳಿದರೆ ಸೋಮಾರಿಗೆ ಹಬ್ಬ. ಗೀತೆಯೇ ಅಭಯ ಕೊಟ್ಟಿದೆ, ಕಾಯುವುದೂ ಕೆಲಸವೇ, ಇನ್ನೂ ಒಂದು ವರ್ಷ ಬಿಟ್ಟರೇನಂತೆ ಎನ್ನಬಹುದು. ಮಳೆ ನಿಂತ ಮೇಲೆ, ಹಬ್ಬ ಕಳೆದ ಮೇಲೆ, ಹೊಸ ಲೆನ್ಸ್ ಬಂದ ಮೇಲೆ ಎಂದು ಮುಂದೂಡುವವನೂ ತಾನು ಹದಕ್ಕಾಗಿ ಕಾಯುತ್ತಿದ್ದೇನೆ ಎಂದೇ ನಂಬಿರುತ್ತಾನೆ. ಕಾಯುವವನು ಕ್ಯಾಮೆರಾ ಹಿಡಿದು ಜಾಗದಲ್ಲಿ ಇರುತ್ತಾನೆ, ಮುಂದೂಡುವವನು ಇರುವುದಿಲ್ಲ. ವ್ಯತ್ಯಾಸ ಅಷ್ಟೇ. ಒಳಗಿನಿಂದ ನೋಡಿದಾಗ ಮಾತ್ರ ಅದು ಕಾಣುವುದಿಲ್ಲ, ಹೊರಗಿನ ಒಂದು ದನಿ ಬೇಕಾಗುತ್ತದೆ.

ಆ ದನಿಯ ಮಾದರಿ, ಮೊದಲು ಹೇಳಿದ ಹನ್ನೆರಡನೆಯ ಶತಮಾನದ ಆ ಹೆಂಗಸು, ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯನ ಕಾಯಕ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಮ್ಮೆ ಅವನು ಅನುಭಾವದ ಮಾತಿನಲ್ಲಿ ಮೈಮರೆತು ಕೂತುಬಿಟ್ಟ. ಲಕ್ಕಮ್ಮ ಹೋಗಿ, ಕಾಯಕ ನಿಂತಿದೆ, ನಡೆ ಎಂದು ಎಚ್ಚರಿಸಿದಳು. ಕೂತದ್ದು ದೊಡ್ಡವರ ಸಂಗದಲ್ಲಿ, ಮಾತು ಪರಮಾರ್ಥದ್ದು, ಆದರೂ ರಿಯಾಯಿತಿ ಕೊಡಲಿಲ್ಲ. ಮುಂದೆ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗಲೂ ಅವಳೇ ತಡೆದಳು. ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆಯದ್ದು, ಇದ್ದಲ್ಲಿಗೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು.

ಫೋನಿನ ಜ್ಞಾಪನೆಗಳು ಲಕ್ಕಮ್ಮನ ಮೊದಲ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಬೆಳಗಿನ ಜಾವ ಐದಕ್ಕೆ ಎಬ್ಬಿಸುತ್ತವೆ, ಎಡಿಟಿಂಗಿಗೆ ಕೂರಿಸುತ್ತವೆ. ಅವಳ ಎರಡನೆಯ ಕೆಲಸವನ್ನು ಮಾಡುವ ಆ್ಯಪ್ ಸಿಗುವುದು ದುರ್ಲಭ. ಈ ವಾರ ನಾಲ್ಕು ವಿಡಿಯೊ ಹಾಕಿದ್ದೀಯ, ಎರಡು ಸಾಕಿತ್ತು, ಇನ್ನೆರಡರಲ್ಲಿ ಇದ್ದದ್ದು ಬರೀ ನೋಟದ ಆಸೆ ಎಂದು ಅದು ಹೇಳುವುದಿಲ್ಲ. ಬಳ್ಳೆಯ ಆನೆ ಶಿಬಿರದಲ್ಲಿ ಆನೆಯ ಮುಂದೆ ನಿಂತು ಮತ್ತೊಂದು ರೀಲ್ ಬೇಕೇ, ಆದಿವಾಸಿ ಹಾಡಿಯ ಮಗುವಿನ ಮುಖವನ್ನು ಕೇಳದೆ ಹಾಕಬಹುದೇ ಎಂದು ತಡೆಯುವುದಿಲ್ಲ. ಮರಳಿ ಬಂದವರು ಈ ಎರಡನೆಯ ದನಿಗೆ ಒಬ್ಬ ಗೆಳೆಯನನ್ನೋ ಹೆಂಡತಿಯನ್ನೋ ತಂ‌ಗಿಯನ್ನೋ ಹುಡುಕಿಕೊಳ್ಳಬೇಕಾಗುತ್ತದೆ, ಹಾಕುವ ಮುನ್ನ ಅವರಿಗೆ ತೋರಿಸಬೇಕಾಗುತ್ತದೆ.

ಮರಳುವ ದಿನವನ್ನು ಆರಿಸಿಕೊಳ್ಳುವುದಕ್ಕೂ ಒಂದು ಶಾಸ್ತ್ರವಿದೆ. 2014ರಲ್ಲಿ ಹೆಂಗ್‌ಚೆನ್ ದಾಯ್, ಕ್ಯಾಥರಿನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರದ, ತಿಂಗಳಿನ, ವರ್ಷದ ಆರಂಭದಲ್ಲಿ, ಹುಟ್ಟಿದ ದಿನ ಕಳೆದ ಮೇಲೆ ಜನ ಜಿಮ್ಮಿಗೆ ಹೋಗುವುದು, ಹೊಸ ಪಣ ತೊಡುವುದು ಹೆಚ್ಚುತ್ತದೆ. ಮೈಸೂರು ಸೀಮೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆಯುಧಪೂಜೆಯ ದಿನ ಟ್ರ್ಯಾಕ್ಟರು, ಬಸ್ಸು, ತಕ್ಕಡಿಗಳ ಜೊತೆ ಸ್ಟುಡಿಯೊದ ಕ್ಯಾಮೆರಾಕ್ಕೂ ಅರಿಸಿನ ಕುಂಕುಮ ಬೀಳುತ್ತದೆ, ಲೆನ್ಸಿಗೆ ತಾಗದಂತೆ ಹುಷಾರಾಗಿ. ಅಂದು ಉಪಕರಣ ಕೆಲಸ ಮಾಡುವುದಿಲ್ಲ, ಪೂಜೆಗೆ ಕೂರುತ್ತದೆ. ಸರಸ್ವತಿಯ ಮುಂದಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆಯುವಂತಿಲ್ಲ. ಬಿಡುವನ್ನು ತಪ್ಪೆಂದು ಎಣಿಸದೆ ಪಂಚಾಂಗದೊಳಕ್ಕೇ ಸೇರಿಸಿ, ಮರುದಿನ ಶುರುಮಾಡುವುದನ್ನು ಮಂಗಳ ಎಂದು ಕರೆದ ವ್ಯವಸ್ಥೆ ಇದು.

ಬಿಡುವಿನ ಭಯಕ್ಕೆ ವ್ಯಾಪಾರದ ಲೆಕ್ಕದಲ್ಲೂ ಅಷ್ಟು ಆಧಾರವಿಲ್ಲ. 2019ರ ನವೆಂಬರಿನಲ್ಲಿ ಯೂಟ್ಯೂಬಿನ ಅಂದಿನ ಮುಖ್ಯಸ್ಥೆ ಸುಸಾನ್ ವೊಜಿಸ್ಕಿ ವಿಡಿಯೊ ಮಾಡುವವರಿಗೆ ಬರೆದ ಪತ್ರದಲ್ಲಿ ಲಕ್ಷಾಂತರ ಚಾನೆಲ್‌ಗಳ ಅಂಕಿಅಂಶ ನೋಡಿ ಒಂದು ಮಾತು ಹೇಳಿದ್ದರು. ಬಿಡುವು ತೆಗೆದುಕೊಂಡು ಮರಳಿದ ಚಾನೆಲ್‌ಗಳು ಸರಾಸರಿಯಲ್ಲಿ, ಬಿಡುವಿಗೆ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ವೀಕ್ಷಣೆ ಪಡೆದಿದ್ದವು. ಆದರೆ ಅದೇ ಕಂಪನಿಯ ಇನ್ನೊಂದು ನಿಯಮ ಬೇರೆ ಮಾತಾಡುತ್ತದೆ. ಜಾಹೀರಾತಿನ ಹಣ ಬರಬೇಕಾದರೆ ಸಾವಿರ ಚಂದಾದಾರರ ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕು, ಇಲ್ಲವೇ ತೊಂಬತ್ತು ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ನೋಟ. ಒಂದು ವರ್ಷಕ್ಕಿಂತ ಹಳೆಯದನ್ನು ಆ ಲೆಕ್ಕ ಮರೆತುಬಿಡುತ್ತದೆ. ಮರಳಿ ಬಂದವರು ಎರಡು ಖಾತೆ ಬೇರೆ ಬೇರೆ ಇಡಬೇಕಾದದ್ದು ಇದಕ್ಕೇ: ಕಂಪನಿಯದೊಂದು, ಕಸುಬಿನದೊಂದು. ಕಸುಬಿನ ಖಾತೆಗೆ ಬೇಕಾದ ಆ್ಯಪ್‌ಗಳು ಕಡಿಮೆ. ಪಟ್ಟಿಗೊಂದು, ದಿನಾಂಕಕ್ಕೊಂದು, ಫೈಲಿಗೆ ದಿನ, ಜಾಗ, ವಿಷಯ ಸೇರಿಸಿ ಹೆಸರಿಡುವ ಒಂದು ಪದ್ಧತಿ, ಎದ್ದು ಹೋಗುವ ಮುನ್ನ ‘ಮುಂದಿನ ಸಲ ಇಲ್ಲಿಂದ’ ಎಂದು ಬರೆದಿಡುವ ಒಂದು ಸಾಲು. ಸ್ಟ್ರೀಕ್, ವಾರದ ವರದಿ, ಅಂಕದ ಪದಕ ಇವೆಲ್ಲವನ್ನೂ ಸೆಟ್ಟಿಂಗಿಗೆ ಹೋಗಿ ಆರಿಸಬಹುದು.

ಮಾಡಿದ್ದರ ಫಲವೇನು ಎಂಬ ಪ್ರಶ್ನೆ ಮಾತ್ರ ಸೆಟ್ಟಿಂಗಿನಲ್ಲಿ ಆರುವುದಿಲ್ಲ. ಗುರುಪುರದ ಗ್ಯುಮೆ ಮಠ 1433ರಲ್ಲಿ ಟಿಬೆಟಿನಲ್ಲಿ ಹುಟ್ಟಿ ಇಲ್ಲಿ ಮರುಜೀವ ಪಡೆದದ್ದು, ತಾಂತ್ರಿಕ ಕಲಿಕೆಗೂ ಮರಳಿನ ಮಂಡಲಕ್ಕೂ ಹೆಸರಾದದ್ದು. ಅಲ್ಲಿನ ಭಿಕ್ಷುಗಳು ಸೀಮೆಸುಣ್ಣದ ದಾರದಿಂದ ಮಂಡಲದ ಗೆರೆ ಹಾಕಿ, ನಡುವಿನಿಂದ ಹೊರಕ್ಕೆ ಬಣ್ಣದ ಮರಳು ತುಂಬುತ್ತಾ ಹೋಗುತ್ತಾರೆ. ಕೈಯಲ್ಲಿ ಚಕ್‌ಪುರ್ ಎಂಬ ಚೂಪು ಮೂತಿಯ ಲೋಹದ ಕೊಳವೆ. ಅದರ ಮೈಮೇಲಿನ ಗೀರುಗಳನ್ನು ಇನ್ನೊಂದು ಕಡ್ಡಿಯಿಂದ ಉಜ್ಜಿದರೆ ಆ ನಡುಕಕ್ಕೆ ಮರಳು ಹರಳು ಹರಳಾಗಿ ಇಳಿಯುತ್ತದೆ. ಜೋರಾಗಿ ಉಜ್ಜಿದರೆ ಗೆರೆ ದಪ್ಪ, ಮೆಲ್ಲಗೆ ಉಜ್ಜಿದರೆ ಕೂದಲೆಳೆ. ದಿನಗಟ್ಟಲೆ ಬಗ್ಗಿ ಮಾಡಿದ್ದನ್ನು ಪೂಜೆಯಾದ ಮೇಲೆ ಗುಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ಇಂಥ ಮಂಡಲಗಳ ವಿಡಿಯೊಗಳು ಈಗ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಕೆಲವನ್ನು ಮಠದವರೇ ಹಾಕುತ್ತಾರೆ. ಅಳಿಸಲೆಂದೇ ಮಾಡಿದ್ದನ್ನು ಉಳಿಸಿಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಮಾಡುವ ವಿಧಾನ ಮುಂದಿನವರಿಗೆ ದಾಟಬೇಡವೇ ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರೆ. ಎರಡು ಕಡೆಯ ವಾದವೂ ಗಟ್ಟಿಯೇ. ನೀರಿಗೆ ಬಿಟ್ಟ ಮರುದಿನ ಬೆಳಿಗ್ಗೆ ನೋಟ ಎಷ್ಟಾಯಿತೆಂದು ನೋಡಲು ಯಾರಾದರೂ ಫೋನ್ ಕೈಗೆತ್ತಿಕೊಳ್ಳುತ್ತಾರೋ, ಮುಂದಿನ ಮಂಡಲಕ್ಕೆ ಬಣ್ಣದ ಮರಳು ಸೋಸಲು ಕೂರುತ್ತಾರೋ ಎಂಬುದು ಈ ವಾದದಲ್ಲಿ ಇನ್ನೂ ಯಾರೂ ಎತ್ತದ ಮೂರನೆಯ ಪ್ರಶ್ನೆ.